ಪಾದ್ರಿ ಎಸ್ಕಿಲ್ ಅವರ ಪ್ರಸಂಗಗಳು

ವೆಸ್ಟರ್‌ಕ್ಲಿಟ್, ೮ ಅಕ್ಟೋಬರ್ ೧೯೪೬

ಪ್ರೀತಿಯ ಎಸ್ಕಿಲ್,

ಈ ಭಾನುವಾರ ನೀನು ಚರ್ಚಿನಲ್ಲಿ ಮಾಡಬೇಕಾದ ಪ್ರಸಂಗ ಇದರ ಜೊತೆಗಿದೆ. ಮೂರನೇ ಪುಟದಲ್ಲಿ ಸಾಲುಗಳ ನಡುವೆ ಜಾಗ ಬಿಟ್ಟಿದ್ದೇನೆ, ಅಲ್ಲಿ ನಿಂತು ಉಸಿರು ತೆಗೆದುಕೋ. ಹೋದ ವಾರ ನೀನು ಓಟ ಕಿತ್ತಂತೆ ಓದಿದೆ ಎಂದು ವಿಬೆಕೆ ಬರೆದಿದ್ದಳು. "ಅವರೇ ಬರೆದದ್ದು ಅವರಿಗೇ ಯಾಕೆ ತೊಡಕುತ್ತೋ" ಎಂದು ಅವಳಿಗೆ ಆಶ್ಚರ್ಯ. ಇಷ್ಟು ವರ್ಷ ನಿನ್ನ ಜೊತೆ ಸಂಸಾರ ಮಾಡಿಯೂ ಅವಳಿಗೆ ಗೊತ್ತಾಗಿಲ್ಲವಲ್ಲ ಎಂದು ನನಗೆ ಆಶ್ಚರ್ಯ.

ಇಲ್ಲಿ ಗಾಳಿ ಶುರುವಾಗಿದೆ. ಸಮುದ್ರದ ಮರಳು ಬಾಗಿಲ ಸಂದಿಯಿಂದ ನುಗ್ಗಿ ಊರಿನ ಕರೆಗಳನ್ನು ಜೋಡಿಸುವ ಟೆಲಿಫೋನ್ ಬೋರ್ಡಿನ ತೂತುಗಳಲ್ಲಿ ಕೂರುತ್ತದೆ. ದಿನವೂ ಕೋಳಿ ಪುಕ್ಕದಿಂದ ಒರೆಸುತ್ತೇನೆ. ಒಂದು ವಾಕ್ಯ ಮುಗಿಸುವಷ್ಟರಲ್ಲಿ ಯಾರಾದರೂ ಗಂಟೆ ಹೊಡೆಯುತ್ತಾರೆ. ಈ ಪ್ರಸಂಗ ಬರೆಯುವ ನಡುವೆ ಹಂದಿಗೆ ಔಷಧಿ ಕೊಡುವ ಡಾಕ್ಟರಿಗೆ, ಸೂಲಗಿತ್ತಿಗೆ, ಮತ್ತೆ ಹಂದಿ ಡಾಕ್ಟರಿಗೆ ಲೈನು ಜೋಡಿಸಿಕೊಟ್ಟಿದ್ದೇನೆ. ಎಲ್ಲಾದರೂ ಹಂದಿಯ ವಾಸನೆ ಬಂದರೆ ಕ್ಷಮಿಸು.

ನಿನ್ನೆ ಲೌಸ್ಟ್ ಹೊಗೆಮೀನು ಕೊಡಲು ಬಂದಿದ್ದ. ನಮ್ಮೂರಿನ ಪ್ರಾರ್ಥನಾ ಮನೆಯ ಹಿರಿತನ ಈಗ ಅವನದೇ, ಹೀಗಾಗಿ ಮೀನಿನ ಜೊತೆ ಉಪದೇಶವೂ ಬರುತ್ತದೆ. "ಕೇಳಿದ್ಯಾ ದಾಗ್ನಿ, ಹೆಂಗಸ್ರನ್ನ ಪಾದ್ರಿ ಮಾಡೋ ಕಾನೂನು ತರ್ತಾರಂತೆ! ಪ್ರಸಂಗದ ಮಧ್ಯೆ ಮಗು ಅತ್ರೆ ನಿಲ್ಸಿ ಹಾಲು ಕುಡಿಸ್ತಾರೇನೋ!" ಎಂದ. ನಾನೂ ನಕ್ಕೆ. ಅವನು ಹೋದ ಮೇಲೆ ಯಾಕೆ ನಕ್ಕೆನೋ ಎನಿಸಿತು.

ನಿನ್ನ ಅಕ್ಕ,
ದಾಗ್ನಿ

*

ಹೆಸ್ಸೆಲ್‌ಬಿ, ೨೯ ಅಕ್ಟೋಬರ್ ೧೯೪೬

ಪ್ರೀತಿಯ ಅಕ್ಕ,

ಪ್ರಸಂಗಗಳು ತಲುಪುತ್ತಿವೆ. ಎಲ್ಲರೂ ಮೆಚ್ಚಿದರು. ಎಂದಿನಂತೆ ನಕಲು ಮಾಡಿಕೊಂಡು ಮೂಲವನ್ನು ಒಲೆಗೆ ಹಾಕಿದ್ದೇನೆ. ವಾಕ್ಯಗಳು ಸ್ವಲ್ಪ ಚಿಕ್ಕದಾದರೆ ಒಳ್ಳೆಯದು, ನನಗೂ ವಯಸ್ಸಾಯಿತು.

ಈಗ ಒಂದು ದೊಡ್ಡ ಕೆಲಸ ಬಂದಿದೆ. ನವೆಂಬರ್ ಕೊನೆಯಲ್ಲಿ ಈ ಭಾಗದ ಪಾದ್ರಿಗಳೆಲ್ಲ ಇಲ್ಲಿ ಸೇರುತ್ತಾರೆ, ಬಿಷಪ್ಪರೂ ಬರುತ್ತಾರೆ. ಮುಖ್ಯ ಪ್ರಸಂಗ ನನ್ನದು. ವಿಷಯ ಮನೆವಾರ್ತೆ: ದೇವರು ಕೊಟ್ಟ ವರಗಳನ್ನು ನಂಬಿಗಸ್ತರಾಗಿ ನಡೆಸುವುದು. ಬೈಬಲ್ಲಿನ ವಾಕ್ಯಭಾಗ ತಲಾಂತುಗಳ ಸಾಮ್ಯ, ಅದೇ ಆ ಹಣದ ಕಥೆ. ಯಜಮಾನ ಆಳುಗಳ ಕೈಗೆ ತನ್ನ ಸಂಪತ್ತು ಕೊಟ್ಟು ದೂರ ಹೋಗುತ್ತಾನೆ, ಇಬ್ಬರು ಅದನ್ನು ಬೆಳೆಸುತ್ತಾರೆ, ಒಬ್ಬ ನೆಲದಲ್ಲಿ ಹೂತಿಡುತ್ತಾನೆ. ಹೂತಿಟ್ಟವನನ್ನು ಬೈದು ಮುಗಿಸುವುದು ಎಲ್ಲರ ರೂಢಿ. ನೀನು ಬೇರೆ ಏನಾದರೂ ಹುಡುಕುತ್ತೀಯ, ನನಗೆ ಗೊತ್ತು.

ಇದು ಚೆನ್ನಾಗಿ ನಡೆದರೆ ನನ್ನನ್ನು ಸುತ್ತಿನ ಸಭೆಗಳಿಗೆಲ್ಲ ಮೇಲ್ವಿಚಾರಕನನ್ನಾಗಿ ಮಾಡುವ ಮಾತಿದೆ. ಅಪ್ಪ ಇದ್ದಿದ್ದರೆ ಕುಲುಮೆ ಬಿಟ್ಟು ಓಡಿ ಬರುತ್ತಿದ್ದರು.

ನಿನ್ನ ತಮ್ಮ,
ಎಸ್ಕಿಲ್

*

ವೆಸ್ಟರ್‌ಕ್ಲಿಟ್, ೨ ಡಿಸೆಂಬರ್ ೧೯೪೬

ಎಸ್ಕಿಲ್,

ಪಾದ್ರಿಗಳ ಸಭೆಗೆ ನಾನು ಹೇಳದೆ ಬಂದದ್ದಕ್ಕೆ ನಿನಗೆ ಸಿಟ್ಟು ಬಂದಿದೆ ಎಂದು ಗೊತ್ತು. ಕಾಫಿ ಮೇಜಿನ ಆ ತುದಿಯಿಂದ ನೀನು ನನ್ನನ್ನು ನೋಡಿದ್ದೇ ಸಾಕಿತ್ತು.

ಬರಬೇಕೆಂದು ಮೊದಲು ಅಂದುಕೊಂಡಿರಲಿಲ್ಲ. ಪ್ರಸಂಗ ಅಂಚೆಗೆ ಹಾಕಿ ಬಂದ ಮೇಲೆ, ಇದೊಂದನ್ನಾದರೂ ಜನ ಹೇಗೆ ಕೇಳುತ್ತಾರೆ ನೋಡೋಣ ಎನಿಸಿತು. ಪಕ್ಕದ ಮನೆ ಪೆಟ್ರಿನೆಯನ್ನು ಬೋರ್ಡಿಗೆ ಕೂರಿಸಿ, ರೈಲು ಹತ್ತಿ, ದೋಣಿ ದಾಟಿ ಬಂದು ಕಂಬದ ಹಿಂದೆ ಕೂತೆ. ಇಷ್ಟು ವರ್ಷದಲ್ಲಿ ನಿನ್ನ ದೊಡ್ಡ ಚರ್ಚಿನೊಳಗೆ ಕಾಲಿಟ್ಟದ್ದು ಅದೇ ಮೊದಲು.

ನಿನ್ನ ಗಂಟಲು ಎಷ್ಟು ಚೆಂದ ಎಸ್ಕಿಲ್. ಅದನ್ನು ಹೇಳದಿದ್ದರೆ ಪಾಪ ಬರುತ್ತದೆ. ಆ ಆಳು ಸೋಮಾರಿಯಲ್ಲ, ಯಜಮಾನನಿಗೆ ಹೆದರಿದವನು, ಹೆದರಿಕೆಯನ್ನೇ ಭಕ್ತಿ ಎಂದುಕೊಂಡವನು ಎಂಬ ಮಾತು ಬಂದಾಗ ನನ್ನ ಮುಂದೆ ಕೂತಿದ್ದ ದಪ್ಪ ಪಾದ್ರಿಯೊಬ್ಬರು ಕರವಸ್ತ್ರ ತೆಗೆದರು. ಮುಂದಿನ ಪುಟಕ್ಕೆ ಕಾದು ಕೂತೆ. ನೀನು ಆ ಪುಟ ಓದಲೇ ಇಲ್ಲ. ಕೊಟ್ಟದ್ದನ್ನು ಬಿಚ್ಚಿ ನೋಡುವುದಕ್ಕೂ ಬೇರೆಯವರು ಬಿಡದ ಆಳು ಏನು ಮಾಡಬೇಕು ಎಂದು ಕೇಳಿದ್ದೆನಲ್ಲ, ಆ ಪುಟ. ಸೀದಾ ಮುಕ್ತಾಯಕ್ಕೆ ಹಾರಿದೆ. ಯಾರಿಗೂ ತಿಳಿಯಲಿಲ್ಲ.

ಆಮೇಲೆ ಕಾಫಿ. ಆ ಬಿಳಿ ಗಡ್ಡದ ಹಿರಿಯ ಪಾದ್ರಿ ನನ್ನ ಕಡೆ ಬಾಗಿ, "ತಮ್ಮನಿಗೆ ಐದು ತಲಾಂತು ಸುರಿದುಬಿಟ್ಟಿದಾನಲ್ಲಮ್ಮ ದೇವರು! ಅಕ್ಕನಿಗೆ ಏನಾದ್ರೂ ಉಳಿಸಿದ್ನೋ ಇಲ್ವೋ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ವಿಬೆಕೆ, "ಉಳಿಸಿದಾನೆ, ಕಿವಿ! ಊರಿನ ಗುಟ್ಟೆಲ್ಲ ಇವರ ಕಿವೀಲೇ!" ಎಂದಳು. ಎಲ್ಲರೂ ನಕ್ಕರು. ವಿಬೆಕೆಯ ಮೇಲೆ ನನಗೆ ಬೇಸರವಿಲ್ಲ, ಅವಳಿಗೇನು ಗೊತ್ತು. ನೀನು ಸಕ್ಕರೆ ಬಟ್ಟಲನ್ನು ನನ್ನ ಕಡೆ ಸರಿಸಿ ಅವರ ಜೊತೆ ನಕ್ಕೆಯಲ್ಲ, ಅದು ದೋಣಿಯಲ್ಲಿ ದಾರಿಯುದ್ದಕ್ಕೂ ನನ್ನ ಜೊತೆ ಬಂತು.

ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನ ಕಾಲದ ಎರಡನೇ ಭಾನುವಾರದ ಪ್ರಸಂಗ ಇದರೊಳಗಿದೆ.

ದಾಗ್ನಿ

*

ಹೆಸ್ಸೆಲ್‌ಬಿ, ೧೬ ಡಿಸೆಂಬರ್ ೧೯೪೬

ಪ್ರೀತಿಯ ಅಕ್ಕ,

ಸಿಟ್ಟಲ್ಲ, ಗಾಬರಿ. ಯಾರಾದರೂ ಏನಾದರೂ ಕೇಳಿದ್ದರೆ? ನಿನ್ನ ಮುಖದಲ್ಲಿ ಎಲ್ಲ ಕಾಣುತ್ತದೆ, ಚಿಕ್ಕಂದಿನಿಂದಲೂ. ಆ ಪುಟವನ್ನು ಸಮಯ ಸಾಲದೆ ಬಿಟ್ಟೆ.

ಒಳ್ಳೆಯ ಸುದ್ದಿ ಎರಡಿವೆ. ಮೇಲ್ವಿಚಾರಕನ ಹುದ್ದೆ ಹೊಸ ವರ್ಷಕ್ಕೆ ಸಿಗುತ್ತದೆ. ಇನ್ನೊಂದು, ಪ್ರಸಂಗಗಳಲ್ಲಿ ಒಳ್ಳೆಯವನ್ನು ಆರಿಸಿ ಪುಸ್ತಕ ಮಾಡಿದ್ದಾರೆ. ಪ್ರತಿ ಪ್ರಾರ್ಥನಾ ಮನೆಗೂ ಒಂದು ಹೋಗುತ್ತದೆ. ಮುನ್ನುಡಿಯಲ್ಲಿ "ನನಗಾಗಿ ಎಡೆಬಿಡದೆ ಪ್ರಾರ್ಥಿಸುವ ಅಕ್ಕನಿಗೆ" ಎಂದು ಹಾಕಿಸಿದ್ದೇನೆ. ನೋಡಿದರೆ ಸಂತೋಷಪಡುತ್ತೀಯ.

ಈಗ ನಿನ್ನನ್ನು ಕೇಳಲೇಬೇಕಾದ ವಿಷಯ. ಆ ಕಾನೂನಿನ ವಿರುದ್ಧ ನಮ್ಮ ಪಾದ್ರಿಗಳು ಫೆಬ್ರವರಿಯಲ್ಲಿ ಸಭೆ ಕರೆದಿದ್ದಾರೆ. ಹೆಂಗಸರು ಪ್ರಸಂಗಪೀಠ ಹತ್ತಬಾರದು ಎಂಬುದನ್ನು ವಾಕ್ಯದ ಆಧಾರದ ಮೇಲೆ, ಯಾರಿಗೂ ನೋವಾಗದ ಹಾಗೆ, ಹೃದಯ ಮುಟ್ಟುವ ಹಾಗೆ ಹೇಳಬೇಕು. ಅದಕ್ಕೆ ನಾನೇ ಸರಿ ಎಂದು ಎಲ್ಲರೂ ಒಪ್ಪಿದರು. ಇಂಥ ಮಾತನ್ನು ಹೇಗೆ ಹದವಾಗಿ ಹೇಳಬೇಕೆಂದು ನಿನ್ನಷ್ಟು ಬಲ್ಲವರಿಲ್ಲ.

ಕ್ರಿಸ್‌ಮಸ್ಸಿಗೆ ನಿನಗೆ ನಿಜವಾದ ಕಾಫಿಪುಡಿ ಕಳಿಸುತ್ತಿದ್ದೇನೆ, ಈ ರೇಷನ್ನಿನ ನಡುವೆಯೂ ಹೇಗೋ ಸಿಕ್ಕಿತು.

ಎಸ್ಕಿಲ್

*

ವೆಸ್ಟರ್‌ಕ್ಲಿಟ್, ೯ ಜನವರಿ ೧೯೪೭

ಎಸ್ಕಿಲ್,

ನಿನ್ನ ಕಾಗದವನ್ನು ಹಬ್ಬವೆಲ್ಲ ಕಳೆಯುವವರೆಗೆ ಬೋರ್ಡಿನ ಮೇಲಿಟ್ಟುಕೊಂಡಿದ್ದೆ. ನೀನು ತಮಾಷೆ ಮಾಡಿರಬಹುದು ಎಂದು ಮೊದಮೊದಲು ಅಂದುಕೊಂಡೆ. ಆದರೆ ನಿನಗೆ ತಮಾಷೆ ಬರುವುದಿಲ್ಲ. ನಿನ್ನ ಪ್ರಸಂಗಗಳಲ್ಲಿ ಜನ ನಗುವ ಜಾಗಗಳು ಕೂಡ ನನ್ನವೇ.

ಆ ಭಾಷಣ ನಾನು ಬರೆಯುವುದಿಲ್ಲ.

ನೀನು ಪಾದ್ರಿ ಪರೀಕ್ಷೆಯ ಪ್ರಸಂಗ ಬರೆಯಲಾಗದೆ ಅಡುಗೆಮನೆಯಲ್ಲಿ ತಲೆ ಮೇಜಿಗಿಟ್ಟು ಅತ್ತ ದಿನ ನಾನು ಆಲೂಗಡ್ಡೆ ಸುಲಿಯುತ್ತಿದ್ದೆ. "ಏನ್ ಹೇಳ್ಬೇಕು ಅಂತಿದೀಯ, ಹೇಳು" ಎಂದೆ. "ಗೊತ್ತಿಲ್ಲ ಅಕ್ಕ" ಎಂದೆ ನೀನು. ಕೈ ಒರೆಸಿಕೊಂಡು ಬರೆದುಕೊಟ್ಟೆ. ಅಪ್ಪ ಬಾಗಿಲಲ್ಲಿ ನಿಂತು ಎಲ್ಲ ನೋಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ. "ದೇವರು ತಲೆ ಒಬ್ಬರಿಗೆ ಕೊಟ್ಟ, ಗಂಟಲು ಒಬ್ಬರಿಗೆ ಕೊಟ್ಟ. ಎರಡನ್ನೂ ಸೇರ್ಸಿ ಅವನಿಗೇ ಕೊಡಿ" ಎಂದರು. ಎಷ್ಟು ಸರಿ ಎನಿಸಿತು ಆಗ! ನನ್ನನ್ನು ಮದುವೆಗೆ ಕೇಳಿ ಬಂದವರಿಗೂ ಅಪ್ಪ "ಅವಳಿಗೆ ಕೆಲಸ ಇದೆ" ಎಂದೇ ಹೇಳಿ ಕಳಿಸಿದರು.

ಗಂಟಲು ಈಗ ತಲೆಯ ವಿರುದ್ಧ ಭಾಷಣ ಮಾಡಹೊರಟಿದೆ. ಅದನ್ನೂ ತಲೆಯೇ ಬರೆದುಕೊಡಬೇಕಂತೆ.

ಭಾನುವಾರದ್ದು ಇದೆ, ತೆಗೆದುಕೋ.

ದಾಗ್ನಿ

*

ಹೆಸ್ಸೆಲ್‌ಬಿ, ೨೦ ಜನವರಿ ೧೯೪೭

ಅಕ್ಕ,

ನೀನು ಹೀಗೆ ಮಾತಾಡುವವಳಲ್ಲ. ಯಾವ ಪತ್ರಿಕೆ ಓದುತ್ತಿದ್ದೀಯ?

ವರ ನಿನ್ನದು ಎಂದು ನೀನು ಅಂದುಕೊಂಡಿದ್ದೀಯ. ಅದು ದೇವರದು. ನೀನು ಅದರ ಮನೆವಾರ್ತೆಯವಳು ಮಾತ್ರ, ನಾನೂ ಅಷ್ಟೇ. ಯಜಮಾನನ ಸೊತ್ತನ್ನು ಇಂಥ ಕಡೆ ಕೊಡುತ್ತೇನೆ, ಇಂಥ ಕಡೆ ಕೊಡುವುದಿಲ್ಲ ಎನ್ನಲು ಆಳಿಗೆ ಅಧಿಕಾರ ಎಲ್ಲಿದೆ? ನೀನೇ ನನ್ನ ಬಾಯಲ್ಲಿ ಹೇಳಿಸಿದ ಮಾತಿದು. ಪುಸ್ತಕದಲ್ಲೂ ಇದೆ.

ನಿನಗೆ ಎದ್ದು ನಿಲ್ಲುವ ಆಸೆ ಎಂದೂ ಇರಲಿಲ್ಲ. ಶಾಲೆಯಲ್ಲಿ ಪದ್ಯ ಹೇಳಲು ನಿಲ್ಲಿಸಿದರೆ ತಲೆ ಸುತ್ತಿ ಬೀಳುತ್ತಿದ್ದೆ. ನಿನ್ನಿಂದ ನಾನೇನೂ ಕಿತ್ತುಕೊಂಡಿಲ್ಲ. ಭಾಷಣವನ್ನು ಬೇರೆ ಯಾರಿಗಾದರೂ ವಹಿಸಲು ಹೇಳಿ, ಗಂಟಲು ನೋವು ಎಂದು ತಪ್ಪಿಸಿಕೊಂಡೆ. ಭಾನುವಾರದ್ದನ್ನು ಮಾತ್ರ ತಪ್ಪಿಸಬೇಡ.

ಎಸ್ಕಿಲ್

*

ಹೆಸ್ಸೆಲ್‌ಬಿ, ೧೭ ಫೆಬ್ರವರಿ ೧೯೪೭

ಪ್ರೀತಿಯ ಅಕ್ಕ,

ಜಲಸಂಧಿ ಹೆಪ್ಪುಗಟ್ಟಿ ದೋಣಿಗಳು ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡಿವೆ. ಅಂಚೆ ಬರಲಿಲ್ಲ. ಶನಿವಾರ ಸಂಜೆಯವರೆಗೂ ಅಂಚೆಯವನ ದಾರಿ ಕಾದೆ. ಹಳೆಯದೊಂದನ್ನು ಓದೋಣವೆಂದರೆ ಓದಬಹುದಾದವೆಲ್ಲ ಪುಸ್ತಕದಲ್ಲಿ ಬಂದಿವೆ, ಜನರ ಕೈಯಲ್ಲಿವೆ.

ಅಕ್ಕ, ನಾನು ಬರಿಗೈಯಲ್ಲಿ ಹತ್ತಿದೆ. ವಾಕ್ಯ ಓದಿದೆ. ಆಮೇಲೆ ಏನೂ ಹೊಳೆಯಲಿಲ್ಲ. ಕೆಳಗೆ ವಿಬೆಕೆ, ಮಕ್ಕಳು, ಎಲ್ಲರ ಮುಖ. ಕಡೆಗೆ ಬಾಯಿಗೆ ಬಂದದ್ದನ್ನು ಹೇಳಿದೆ. ಹೋದ ವಾರ ನಮ್ಮ ಬಡಗಿ ಸಾಯುವಾಗ ಅವನ ಪಕ್ಕ ಕೂತಿದ್ದೆ, ಪ್ರಾರ್ಥನೆ ಬಾಯಿಗೆ ಬರಲಿಲ್ಲ, ಅವನು ವಾಂತಿ ಮಾಡುವಾಗ ಬಟ್ಟಲು ಹಿಡಿದುಕೊಂಡೆ, ಅಷ್ಟೇ ಮಾಡಿದೆ, ಅಲ್ಲಿ ದೇವರು ಇದ್ದನೋ ಇಲ್ಲವೋ ನನಗೆ ಗೊತ್ತಾಗಲಿಲ್ಲ ಎಂದೆ. ಪ್ರಸಂಗಪೀಠದಲ್ಲಿ ನಿಂತು ಹಾಗೆಂದೆ! ಆಮೇಲೆ ಆಮೆನ್ ಹೇಳಿ ಇಳಿದೆ. ಜನ ಇನ್ನೂ ಸರಿಯಾಗಿ ಕೂತುಕೊಂಡೂ ಇರಲಿಲ್ಲ.

ಚರ್ಚಿನ ಹಿರಿಯರು ಬಾಗಿಲಲ್ಲಿ, "ಯಾಕೆ ಸ್ವಾಮಿ, ಮೈಗೆ ಹುಷಾರಿಲ್ವಾ?" ಎಂದರು. ಆ ಬಡಗಿಯ ಹೆಂಡತಿ ಬಂದು ನನ್ನ ಎರಡೂ ಕೈ ಹಿಡಿದು ಬಿಡದೆ ಅಳುತ್ತ ನಿಂತಳು, ಇನ್ನಷ್ಟು ಮುಜುಗರ. "ಇವತ್ತು ನೀವು ನಮ್ಮನೆಗೇ ಬಂದ್ಹಾಗಾಯ್ತು" ಎನ್ನುತ್ತಿದ್ದಳು.

ಹೀಗೆ ಇನ್ನೊಮ್ಮೆ ಆಗಬಾರದು. ಮುಂದೆ ಎರಡು ಮೂರು ವಾರದ್ದನ್ನು ಒಟ್ಟಿಗೇ ಕಳಿಸಿಡು.

ಎಸ್ಕಿಲ್

*

ವೆಸ್ಟರ್‌ಕ್ಲಿಟ್, ೨೬ ಫೆಬ್ರವರಿ ೧೯೪೭

ತಮ್ಮ,

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಇಷ್ಟು ವರ್ಷ ನಿನಗೆ ಹೇಳಲು ಏನೂ ಇಲ್ಲ ಎಂದು ನೀನೂ ನಂಬಿದೆ, ನಾನೂ ನಂಬಿದೆ. ಹೆಚ್ಚು ನಂಬಿದವಳು ನಾನೇ. ಅದು ನನಗೆ ಹಿತವಾಗಿತ್ತು.

ಆ ಹೆಂಗಸು ನಿನ್ನ ಕೈ ಹಿಡಿದಳು. ನನ್ನ ಯಾವ ಪ್ರಸಂಗಕ್ಕೂ ಯಾರೂ ಹಾಗೆ ಮಾಡಿದ್ದನ್ನು ನೀನು ಬರೆದಿಲ್ಲ. ಮೆಚ್ಚಿದರು, ಅತ್ತರು, ಪುಸ್ತಕ ಮಾಡಿದರು, ಅಷ್ಟೇ. ನಿನಗೆ ಮಾತ್ರ ಅದು ಮುಜುಗರವಾಗಿ ಕಂಡಿತು. ಇದಕ್ಕೆ ನಾನು ಏನು ಮಾಡಲಿ?

ಸಾಮ್ಯದ ಆಳು ತನಗೆ ಕೊಟ್ಟದ್ದನ್ನು ನೆಲ ಅಗೆದು ಹೂತಿಟ್ಟ. ನಾನು ಹೂತಿಟ್ಟ ನೆಲ ನೀನು. ನೆಲದಲ್ಲಿ ಏನಾದರೂ ಬೆಳೆಯಬಹುದಿತ್ತೋ ಏನೋ, ಅದಕ್ಕೂ ನಾನು ಜಾಗ ಬಿಡಲಿಲ್ಲ.

ಇನ್ನು ಕಳಿಸುವುದಿಲ್ಲ. ನೀನು ನನ್ನ ಮೇಲೆ ಕೂಗಾಡಿದರೂ ಸರಿ. ನಾಲ್ಕು ಮಾತಾದರೂ ಸರಿ, ನಿನ್ನದನ್ನು ನೀನು ಹೇಳು. ನನ್ನದನ್ನು ನಾನು ಎಲ್ಲಿ ಹೇಳಲಿ ಎಂದು ನೋಡುತ್ತೇನೆ.

ದಾಗ್ನಿ

*

ವೆಸ್ಟರ್‌ಕ್ಲಿಟ್, ೫ ಮಾರ್ಚ್ ೧೯೪೭

ಎಸ್ಕಿಲ್,

ನಿನ್ನ ಉತ್ತರ ಬಂದಿಲ್ಲ. ಕಾಯುವಷ್ಟು ವ್ಯವಧಾನವಿಲ್ಲ, ಒಂದು ಸಹಾಯ ಬೇಕು.

ಭಾನುವಾರ ನಮ್ಮ ಪ್ರಾರ್ಥನಾ ಮನೆಗೆ ಬರಬೇಕಾಗಿದ್ದ ಪ್ರಸಂಗಿ ಹಿಮದಲ್ಲಿ ಸಿಕ್ಕಿಕೊಂಡರು. ಜನ ಕೋಟು ಬಿಚ್ಚದೆ ಒಲೆ ಸುತ್ತ ಕೂತಿದ್ದರು. "ಯಾರಾದ್ರೂ ಏನಾದ್ರೂ ಓದಿ ಮುಗ್ಸೋಣ" ಎಂದ ಲೌಸ್ಟ್. ನಾನು ಎದ್ದೆ.

"ಓದ್ತೀಯಾ ದಾಗ್ನಿ? ಒಳ್ಳೇದು."

"ಓದಲ್ಲ. ಮಾತಾಡ್ತೀನಿ."

"ಏನು, ನಿನ್ನ ನಂಬಿಕೆಯ ಸಾಕ್ಷಿ ಹೇಳ್ತೀಯಾ?"

"ಇಲ್ಲ ಲೌಸ್ಟ್. ಪ್ರಸಂಗ."

ಯಾರೋ ಕೆಮ್ಮಿದರು. ಅವನು ಬೇಡ ಎನ್ನುವ ಮೊದಲೇ ಶುರುಮಾಡಿದೆ. ಆ ಭಾನುವಾರದ ವಾಕ್ಯ ಪರಜನಾಂಗದ ಕಾನಾನ್ಯ ಹೆಂಗಸಿನದು. ದೆವ್ವ ಹಿಡಿದ ಮಗಳಿಗಾಗಿ ಕರ್ತನ ಹಿಂದೆ ಬಂದು, ಶಿಷ್ಯರು ಓಡಿಸಿದರೂ ಹೋಗದೆ, ಮೇಜಿನ ಕೆಳಗೆ ಬಿದ್ದ ರೊಟ್ಟಿ ಚೂರಾದರೂ ಸಾಕು ಎಂದು ಕರ್ತನ ಜೊತೆಗೇ ವಾದಿಸಿ ಗೆದ್ದವಳು. ನನಗೆ ತಲೆ ಸುತ್ತಲಿಲ್ಲ ಎಸ್ಕಿಲ್. ಕಾಲು ಗಟ್ಟಿಯಾಗಿ ನಿಂತಿತ್ತು. ಚೂರಿಗೆ ಕೈಯೊಡ್ಡುವವರು ಆ ಮನೆಯ ಅಡುಗೆ ಎಂಥದ್ದೆಂದು ಮೇಜಿನಲ್ಲಿ ಕೂತವರಿಗಿಂತ ಚೆನ್ನಾಗಿ ಬಲ್ಲರು ಎಂದೆ. ಸಿದ್ಸೆಲ್ ಅಜ್ಜಿ ಹೆಣಿಗೆ ನಿಲ್ಲಿಸಿದರು. ಆ ಅಜ್ಜಿ ಯಾವ ಪಾದ್ರಿಗೂ ಹೆಣಿಗೆ ನಿಲ್ಲಿಸಿದವರಲ್ಲ. ನನ್ನ ಸ್ವಂತ ದನಿ ನನ್ನ ಕಿವಿಗೆ ಬೀಳುತ್ತಿತ್ತು. ಹೀಗೂ ಸಂತೋಷ ಇರುತ್ತದೆಯೇ ಎನಿಸಿತು.

ಮುಗಿಯುತ್ತಲೇ ಲೌಸ್ಟ್ ಕಪಾಟಿನಿಂದ ನಿನ್ನ ಪುಸ್ತಕ ತೆಗೆದ. ಪುಟ ಹುಡುಕಿ ಎರಡು ಮೂರು ವಾಕ್ಯ ಜೋರಾಗಿ ಓದಿದ. ಚೂರಿನ ಮಾತು, ಅಡುಗೆಯ ಮಾತು, ಅಲ್ಲೇ ಇದ್ದವು. ನಾನು ಎಂದೋ ಬರೆದು ಮರೆತದ್ದು ಬಾಯಿಗೆ ಹಾಗೇ ಬಂದಿತ್ತು.

"ತಮ್ಮನ ಪ್ರಸಂಗ ಬಾಯಿಪಾಠ ಮಾಡ್ಕೊಂಡು ಬಂದು ನಿನ್ನದು ಅಂತೀಯಲ್ಲ ದಾಗ್ನಿ, ನಾಚ್ಕೆ ಆಗಲ್ವಾ?"

"ಅದು ನಾನೇ ಬರೆದದ್ದು."

ಪೆಟ್ರಿನೆ ಕಿಸಕ್ಕನೆ ನಕ್ಕಳು. "ಕದ್ದದ್ದು ಸಾಲ್ದು ಅಂತ ಸುಳ್ಳು ಬೇರೆ" ಎಂದ ಲೌಸ್ಟ್. ಸಭೆಯ ಮುಂದೆ ತಪ್ಪೊಪ್ಪಿಕೊಳ್ಳುವವರೆಗೆ ನಾನು ಪ್ರಾರ್ಥನಾ ಮನೆಗೆ ಬರಬಾರದಂತೆ. ಸೋಮವಾರದಿಂದ ಫೋನಿನಲ್ಲಿ ನಂಬರ್ ಬಿಟ್ಟು ಯಾರೂ ಒಂದು ಮಾತು ಹೆಚ್ಚಿಗೆ ಆಡುತ್ತಿಲ್ಲ.

ನನಗೆ ಬೇರೇನೂ ಬೇಡ. ಪುಸ್ತಕ ನಿನ್ನ ಹೆಸರಿನಲ್ಲೇ ಇರಲಿ, ಹುದ್ದೆ ಇರಲಿ, ವಿಬೆಕೆಗೆ ಏನೂ ತಿಳಿಯದಿರಲಿ. ಲೌಸ್ಟ್‌ಗೆ ಒಂದು ಸಾಲು ಬರೆ. ಆ ಮಾತುಗಳು ಅಕ್ಕನವು, ಅವಳು ಕದ್ದಿಲ್ಲ ಎಂದು. ಅವನು ಬಾಯಿಬಿಡುವವನಲ್ಲ. ಒಂದೇ ಸಾಲು.

ದಾಗ್ನಿ

*

ಹೆಸ್ಸೆಲ್‌ಬಿ, ೧೯ ಮಾರ್ಚ್ ೧೯೪೭

ಪ್ರೀತಿಯ ಅಕ್ಕ,

ತುಂಬ ಯೋಚಿಸಿದೆ, ಪ್ರಾರ್ಥಿಸಿದೆ. ನನ್ನ ಕಷ್ಟ ನಿನಗೆ ಗೊತ್ತು. ಇದು ನನ್ನೊಬ್ಬನ ಮಾತಲ್ಲ. ಈ ಪ್ರಸಂಗಗಳಿಂದ ನಂಬಿಕೆಗೆ ಬಂದವರಿದ್ದಾರೆ, ಸಾಯುವಾಗ ಇವನ್ನು ಓದಿಸಿಕೊಂಡವರಿದ್ದಾರೆ. ಅವರ ಕಾಲ ಕೆಳಗಿನ ನೆಲವನ್ನು ಅಲ್ಲಾಡಿಸುವ ಹಕ್ಕು ನನಗಿಲ್ಲ.

ಆದರೂ ನಿನ್ನನ್ನು ಕೈಬಿಟ್ಟಿಲ್ಲ. ನಿನ್ನ ಮೇಲಿನ ಅಪವಾದ ಹೋಗುವ ಹಾಗೆ ಲೌಸ್ಟ್‌ಗೆ ಬರೆದಿದ್ದೇನೆ. ನನ್ನ ಪ್ರಸಂಗಗಳನ್ನು ಎಲ್ಲಿ ಬೇಕಾದರೂ ಹೇಳಲು ಅಕ್ಕನಿಗೆ ನನ್ನ ಪೂರ್ಣ ಒಪ್ಪಿಗೆ ಇದೆ ಎಂದೂ, ಹಗಲೂ ರಾತ್ರಿ ಬೋರ್ಡಿನ ಮುಂದೆ ಕೂತು ಅವಳ ಮನಸ್ಸು ದಣಿದಿದೆ, ಅವಳ ಬಾಯಿಂದ ಬಂದ ಆ ಇನ್ನೊಂದು ಮಾತನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಬಾರದು ಎಂದೂ ಹೇಳಿದ್ದೇನೆ.

ಮೂರು ಭಾನುವಾರ ಜ್ವರವೆಂದು ಬೇರೆಯವರನ್ನು ನಿಲ್ಲಿಸಿದೆ. ಈಸ್ಟರ್ ದಿನ ಹಾಗಾಗುವುದಿಲ್ಲ, ಬಿಷಪ್ಪರು ಬರುತ್ತಾರೆ. ಅದೊಂದನ್ನು ಮಾತ್ರ ಕಳಿಸು. ಆಮೇಲೆ ನಾನು ಕೇಳುವುದಿಲ್ಲ.

ನಿನ್ನ ತಮ್ಮ,
ಎಸ್ಕಿಲ್

*

ವೆಸ್ಟರ್‌ಕ್ಲಿಟ್, ೧ ಏಪ್ರಿಲ್ ೧೯೪೭

ಎಸ್ಕಿಲ್,

ಲೌಸ್ಟ್ ನಿನ್ನ ಕಾಗದವನ್ನು ಸಭೆಯ ಮುಂದೆ ಓದಿದ. ಎಲ್ಲರಿಗೂ ಸಮಾಧಾನವಾಯಿತು. ಅವನು ಬೋರ್ಡಿನ ತನಕ ಬಂದು ನನ್ನ ಕೈ ಕುಲುಕಿ, "ಎಂಥ ದೊಡ್ಡ ಮನಸ್ಸು ನಿನ್ನ ತಮ್ಮಂದು! ಸ್ವಲ್ಪ ದಿನ ರೆಸ್ಟ್ ತಗೋ" ಎಂದ. ಪೆಟ್ರಿನೆ ಹಾಲು, ಮೊಟ್ಟೆ ತಂದುಕೊಟ್ಟಳು. ನನ್ನ ಜೊತೆ ಈಗ ಎಲ್ಲರೂ ಮೆಲ್ಲಗೆ, ಬಿಡಿಸಿ ಬಿಡಿಸಿ ಮಾತಾಡುತ್ತಾರೆ, ಜ್ವರದ ಮಗುವಿನ ಜೊತೆ ಮಾತಾಡಿದ ಹಾಗೆ.

ಪ್ರಸಂಗಿ ಬಾರದ ಭಾನುವಾರಗಳಲ್ಲಿ ನಿನ್ನ ಪುಸ್ತಕದಿಂದ ಓದಲು ನನ್ನನ್ನೇ ಕೇಳಿದರು. ಆಗುವುದಿಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಆಗಲಿ ಎಂದೆ. ಆ ಮಾತುಗಳು ನನ್ನ ಬಾಯಿಂದ ಹೊರಗೆ ಬರಲು ಬೇರೆ ದಾರಿ ಕಾಣಲಿಲ್ಲ.

ಮೊನ್ನೆ ಭಾನುವಾರ ಓದಿದೆ. "ಪ್ರಸಂಗ ಪಾದ್ರಿ ಎಸ್ಕಿಲ್ ಅವರದು, ಓದೋದು ಅವರ ಅಕ್ಕ" ಎಂದು ಲೌಸ್ಟ್ ಮೊದಲೇ ಹೇಳಿದ. ಯಾವ ವಾಕ್ಯದಲ್ಲಿ ಎಲ್ಲಿ ನಿಲ್ಲಬೇಕು ಎಂದು ನೋಡದೆಯೇ ಗೊತ್ತಿತ್ತು. ಹೊರಡುವಾಗ ಸಿದ್ಸೆಲ್ ಅಜ್ಜಿ ನನ್ನ ತೋಳು ಹಿಡಿದು, "ಎಷ್ಟು ಚೆನ್ನಾಗಿ ಓದ್ತೀಯಮ್ಮ, ನೀನೇ ಬರೆದಿದೀಯೇನೋ ಅನ್ಸುತ್ತೆ" ಎಂದರು. ನಾನು ಅವರಿಗೆ ವಂದನೆ ಹೇಳಿ ಬೂಟಿನ ದಾರ ಕಟ್ಟಲು ಬಗ್ಗಿದೆ.

ಮನೆಗೆ ಬಂದು ಹೊಸದೇನಾದರೂ ಬರೆಯೋಣವೆಂದು ಕೂತೆ. ಬಂದ ಪ್ರತಿ ವಾಕ್ಯದಲ್ಲೂ ನಿನ್ನ ಉಸಿರಿಗೆಂದು ನಾನು ಜಾಗ ಬಿಟ್ಟಿದ್ದೆ. ಹರಿದು ಹಾಕಿದೆ.

ಈಸ್ಟರ್‌ಗೆ ಇನ್ನು ನಾಲ್ಕೈದು ದಿನವಿದೆ. ಈ ಕಾಗದ ನಿನ್ನ ಕೈ ಸೇರಿದೊಡನೆ ಲಕೋಟೆಯನ್ನು ತಲೆಕೆಳಗು ಮಾಡಿ ಕೊಡವಿ ನೋಡುತ್ತೀಯ. ನಾನು ಬಲ್ಲೆ. ಬೇರೇನೂ ಇಲ್ಲ, ಹುಡುಕಬೇಡ.

ದಾಗ್ನಿ